ಆಯರ್ಲೆಂಡಿನ ಹಳ್ಳಿಗಳ 'ಕೆಂಪು ಟಿಕೆಟ್': ಡಾಕ್ಟರನ್ನು ಮನೆಗೆ ಕರೆಸಲು ಚೀಟಿ ಯಾಕೆ?

ಗಾಲ್ವೇ ನರ್ಸ್:
ಎಲ್ಲರಿಗೂ ನಮಸ್ಕಾರ. ನಾನು ಗಾಲ್ವೇ ಕಡೆ ನರ್ಸ್. ಹೋದ ಭಾನುವಾರ ಪೋರ್ಟಮ್ನಾದ ಹಳೆಯ ವರ್ಕ್‌ಹೌಸ್ ನೋಡಲು ಹೋಗಿದ್ದೆ. ಗತಿಯಿಲ್ಲದವರನ್ನು ಇಡುತ್ತಿದ್ದ ಕಲ್ಲಿನ ಕಟ್ಟಡ, ಈಗ ಮ್ಯೂಸಿಯಂ. ಒಳಗೆ ಬಂದ ಕೂಡಲೇ ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ, ಮಕ್ಕಳು ಮತ್ತೊಂದು ಕಡೆ. ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಜೊತೆಗಿದ್ದವರು ಕೆಂಪು ಟಿಕೆಟ್ ಅಂತ ಏನೋ ಹೇಳಿದರು. 1900 ದಾಟಿದ ಮೇಲೂ ಹಳ್ಳಿಯ ಬಡವರು ಡಾಕ್ಟರನ್ನು ಮನೆಗೆ ಕರೆಸಬೇಕಾದರೆ ಅದನ್ನು ತರಬೇಕಿತ್ತಂತೆ. ಕೊಡುತ್ತಿದ್ದವರು ಯಾರು? ಇನ್ನೊಂದು ವಿಷಯ, ನಮ್ಮ ವಾರ್ಡಿಗೆ ಬರುವ ತುಂಬಾ ವಯಸ್ಸಾದ ಕೆಲವರಿಗೆ 'ಕೌಂಟಿ ಹೋಮ್' (ವಯಸ್ಸಾದವರನ್ನು, ಗತಿಯಿಲ್ಲದವರನ್ನು ಇಡುತ್ತಿದ್ದ ಸರ್ಕಾರಿ ಆಶ್ರಯ) ಅಂದರೆ ಸಾಕು, ಮುಖ ಬಾಡುತ್ತದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಹಳೆ ಕಡತ:
ಒಳ್ಳೆಯ ಪ್ರಶ್ನೆ. 1851ರ ಕಾಯ್ದೆ ಆಯರ್ಲೆಂಡನ್ನೆಲ್ಲ ಡಿಸ್ಪೆನ್ಸರಿ, ಅಂದರೆ ಬಡವರ ಚಿಕಿತ್ಸಾಲಯದ ಜಿಲ್ಲೆಗಳಾಗಿ ಹಂಚಿತು. ಒಂದೊಂದಕ್ಕೂ ಸಂಬಳದ ಡಾಕ್ಟರ್. ಬಡವರಿಗೆ ಫೀಸು ಇಲ್ಲ, ಆದರೆ ಟಿಕೆಟ್ ಬೇಕು. ಡಿಸ್ಪೆನ್ಸರಿಗೆ ತಾವೇ ನಡೆದು ಹೋಗುವವರಿಗೆ ಕಪ್ಪು ಟಿಕೆಟ್, ಡಾಕ್ಟರೇ ಮನೆಗೆ ಬರಬೇಕಾದರೆ ಕೆಂಪು. ಕೊಡುತ್ತಿದ್ದವರು ಗಾರ್ಡಿಯನ್‌ಗಳು (ವರ್ಕ್‌ಹೌಸ್ ಮತ್ತು ಬಡವರ ಪರಿಹಾರ ನೋಡಿಕೊಳ್ಳುವ ಮಂಡಳಿಯ ಸದಸ್ಯರು), ವಾರ್ಡನ್‌ಗಳು (ಟಿಕೆಟ್ ಕೊಡಲು ನೇಮಿಸಿದ ಊರಿನವರು), ಇಲ್ಲವೇ ರಿಲೀವಿಂಗ್ ಆಫೀಸರ್ (ಬಡವರ ಪರಿಹಾರ ಹಂಚುವ ಅಧಿಕಾರಿ). ನನ್ನನ್ನು ಕಾಡುವುದು ಇದೇ. 1898ರ ಸ್ಥಳೀಯ ಆಡಳಿತ ಕಾನೂನು ಬಂದ ಮೇಲೆ ಹಳ್ಳಿ ಕಡೆ ಜನ ಆರಿಸಿದ ಕೌನ್ಸಿಲರುಗಳೇ ಗಾರ್ಡಿಯನ್‌ಗಳಾದರು, ಅಂದರೆ ಅನೇಕ ಕಡೆ ಪಕ್ಕದ ರೈತ, ಪೇಟೆಯ ಅಂಗಡಿಯವನು. ಒಮ್ಮೆ ಯೋಚಿಸಿ ನೋಡಿ. ಮಗುವಿಗೆ ನಡುರಾತ್ರಿ ಜ್ವರ ಏರಿದೆ, ತಾಯಿ ಮೊದಲು ಹೋಗಬೇಕಾದದ್ದು ಡಾಕ್ಟರ ಬಾಗಿಲಿಗಲ್ಲ, ತಾನು ಸಾಲ ಉಳಿಸಿಕೊಂಡಿರುವ ಅಂಗಡಿಯವನ ಬಾಗಿಲಿಗೆ. ಅವನು ಮನಸ್ಸು ಮಾಡಿದರೆ ಟಿಕೆಟ್. ಕಾನೂನು ಕೊಟ್ಟ ಸೌಲಭ್ಯ ಊರಿನ ದಾಕ್ಷಿಣ್ಯವಾಗಿ ಹೋಯಿತು, ಅಲ್ವಾ? ಡಾಕ್ಟರನ್ನು ನೇಮಿಸುತ್ತಿದ್ದವರೂ ಅದೇ ಗಾರ್ಡಿಯನ್‌ಗಳು, ಅದಕ್ಕೆ ಆಗ ಜೋರು ಲಾಬಿ ನಡೆಯುತ್ತಿತ್ತು. ಹಾಗಂತ ಡಾಕ್ಟರುಗಳನ್ನು ಹಗುರವಾಗಿ ನೋಡಬೇಡಿ. ಸೈಕಲ್ಲಿನಲ್ಲೋ ಕುದುರೆ ಗಾಡಿಯಲ್ಲೋ ಮಳೆಯಲ್ಲಿ ಮೈಲಿಗಟ್ಟಲೆ ಹೋಗುತ್ತಿದ್ದರು, ಜೊತೆಗೆ ಆ ಜಿಲ್ಲೆಯ ಆರೋಗ್ಯಾಧಿಕಾರಿ ಕೆಲಸವೂ ಅವರದ್ದೇ. ಟಿಕೆಟ್ ಕಾಲ ಮುಗಿದರೂ ಡಿಸ್ಪೆನ್ಸರಿ ಪದ್ಧತಿ 1972ರವರೆಗೆ ಉಳಿಯಿತು.

ಅಜ್ಜನ ಪಿಂಚಣಿ:
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ದಾಕ್ಷಿಣ್ಯದ ಈ ಕಟ್ಟು ಸಡಿಲವಾಗಿದ್ದು 1909ರ ಜನವರಿ 1ರಂದು, ವೃದ್ಧಾಪ್ಯ ಪಿಂಚಣಿ ಬಂದಾಗ. ಆದಾಯ ಕಡಿಮೆ ಇದ್ದ, 70 ತುಂಬಿದವರಿಗೆ ವಾರಕ್ಕೆ 5 ಶಿಲ್ಲಿಂಗ್‌ವರೆಗೆ, ಪೋಸ್ಟ್ ಆಫೀಸಿನಲ್ಲಿ ಕೈಗೆ. ಬಡವರ ಪರಿಹಾರದ ಲೆಕ್ಕದಲ್ಲಿ ಅಲ್ಲ, ಹಾಗಾಗಿ ನಾಚಿಕೆ ಇರಲಿಲ್ಲ. ತೊಡಕು ಒಂದೇ, ಅಲ್ಲಿ ಎಲ್ಲರ ಜನನ ನೋಂದಣಿ ಶುರುವಾಗಿದ್ದು 1864ರಲ್ಲಿ. ವಯಸ್ಸು ತೋರಿಸುವುದು ಹೇಗೆ? 1839ರ ಜನವರಿ 6ರ ರಾತ್ರಿ ದೇಶವನ್ನೇ ನಡುಗಿಸಿದ 'ದೊಡ್ಡ ಗಾಳಿ' ನನಗೆ ನೆನಪಿದೆ ಅಂತ ಹೇಳುವುದೇ ಎಷ್ಟೋ ಮುದುಕರ ಸಾಕ್ಷಿಯಾಗಿತ್ತು. ಒಂದು ನೋವಿನ ಸಂಗತಿಯೂ ಇದೆ. 1908ರಿಂದ ಈಚೆಗೆ ಬಡವರ ಪರಿಹಾರ ಪಡೆದಿದ್ದವರಿಗೆ ಮೊದಲೆರಡು ವರ್ಷ ಪಿಂಚಣಿ ಸಿಗಲಿಲ್ಲ, ಅಂದರೆ ಅತಿ ಬಡವರೇ ಹೊರಗುಳಿದರು. ಆ ತಡೆ ಹೋಗಿದ್ದು 1911ರಲ್ಲಿ.

ನಿಮ್ಮ ಎರಡನೇ ಪ್ರಶ್ನೆಗೆ: ಖಂಡಿತ ಸಂಬಂಧ ಇದೆ. ಆಯರ್ಲೆಂಡಿಗೆ ಸ್ವಾತಂತ್ರ್ಯ ಬಂದ ಮೇಲೆ ವರ್ಕ್‌ಹೌಸ್‌ಗಳನ್ನು ಮುಚ್ಚಿದರು, ಆದರೆ ಎಷ್ಟೋ ಕಡೆ ಅದೇ ಕಟ್ಟಡಗಳೇ ಕೌಂಟಿ ಹೋಮ್, ಕೌಂಟಿ ಆಸ್ಪತ್ರೆ ಆದವು. ಬೋರ್ಡು ಹೊಸದು, ಗೋಡೆ ಹಳೆಯದು. ಡಬ್ಲಿನ್‌ನ ಸೇಂಟ್ ಜೇಮ್ಸ್ ಆಸ್ಪತ್ರೆ ಇರುವುದು ಸೌತ್ ಡಬ್ಲಿನ್ ಯೂನಿಯನ್ ವರ್ಕ್‌ಹೌಸ್ ಇದ್ದ ಜಾಗದಲ್ಲೇ.

ಗಾಲ್ವೇ ನರ್ಸ್:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈಗ ಅರ್ಥವಾಯಿತು. ಹೋದ ತಿಂಗಳು ಒಬ್ಬ ಅಜ್ಜಿ ನನ್ನ ಕೈ ಹಿಡಿದು, ನನ್ನನ್ನು ಅಲ್ಲಿಗೆ ಕಳಿಸುವುದಿಲ್ಲ ತಾನೇ ಅಂತ ಮೂರು ಸಲ ಕೇಳಿದರು. ನಾನು ಸುಮ್ನೆ ವಯಸ್ಸಿನ ಗಾಬರಿ ಅಂದುಕೊಂಡು ದಿಂಬು ಸರಿಮಾಡಿ ಹೊರಟುಬಿಟ್ಟೆ. ಇನ್ನು ಯಾರಾದರೂ ಹಾಗೆ ಕೇಳಿದರೆ ಪಕ್ಕದಲ್ಲಿ ಕೂತು, ಎಲ್ಲಿಗೆ ಹೋಗುತ್ತೀರಿ, ಯಾವಾಗ ಮನೆಗೆ ಬರುತ್ತೀರಿ ಅಂತ ಬಿಡಿಸಿ ಹೇಳುತ್ತೇನೆ.