ಕಟ್‌ಔಟ್ ಅನಿಮೇಷನ್‌ನಲ್ಲಿ ಚಿತ್ರ ಮಿಟುಕುತ್ತಿದೆ: ದೋಷ ಬೆಳಕಿನದೋ, ಲೆನ್ಸಿನದೋ, ಕಾಗದದ್ದೋ?

ಪ್ರಶ್ನೆ (ಸಕಲೇಶಪುರದಿಂದ)

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಸ್ನೇಹಿತರು ಸೇರಿ ಕಾಗದ ಕತ್ತರಿಸಿ ಮೂರು ನಿಮಿಷದ ಒಂದು ವೈಜ್ಞಾನಿಕ ಕಲ್ಪನೆಯ ಚಿತ್ರ ಮಾಡುತ್ತಿದ್ದೇವೆ. ಬೆಟ್ಟದಷ್ಟು ದೊಡ್ಡ ಜೀವಿಗಳು ಯಾವುದೋ ಗ್ರಹದಲ್ಲಿ ತೋಟ ಮಾಡಿಕೊಂಡಿರುತ್ತವೆ. ರಾತ್ರಿ ಆ ತೋಟಕ್ಕೆ ನುಗ್ಗುವ ಮನುಷ್ಯರನ್ನು ಅವು ಅರಿವಳಿಕೆ ಕೊಟ್ಟು ಹಿಡಿದು, ಕೊರಳಿಗೆ ರೇಡಿಯೋ ಕಾಲರ್ ತೊಡಿಸಿ, ಇಂದು ಯಾವ ಗುಂಪು ಎಲ್ಲಿದೆ ಎಂದು ಪರಸ್ಪರ ಸಂದೇಶ ಕಳುಹಿಸಿಕೊಳ್ಳುತ್ತವೆ. ತೋಟಕ್ಕೆ ನುಗ್ಗುವ ಕಾಡಾನೆಗಳಿಗೆ ರೇಡಿಯೋ ಕಾಲರ್ ತೊಡಿಸುವುದನ್ನು ಬಲ್ಲ ಆಲೂರು, ಬೇಲೂರು ಕಡೆಯವರಿಗೆ ಇದು ಎಲ್ಲಿಂದ ಬಂದ ಕಲ್ಪನೆ ಎಂದು ವಿವರಿಸಬೇಕಾಗಿಲ್ಲ.

ಸಮಸ್ಯೆ ಇದು. ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ಮೇಜಿನ ಮೇಲೆ ಕೆಳಮುಖವಾಗಿ ನಿಲ್ಲಿಸಿ, ಎರಡು ಪಕ್ಕದಲ್ಲಿ ಬಲ್ಬ್ ಇಟ್ಟು, ಸೆಕೆಂಡಿಗೆ 12 ಚಿತ್ರಗಳ ಲೆಕ್ಕದಲ್ಲಿ ತೆಗೆಯುತ್ತಿದ್ದೇವೆ. ಜೋಡಿಸಿ ನೋಡಿದರೆ ಇಡೀ ಚಿತ್ರ ಒಂದೇ ಸಮನೆ ಮಿಟುಕುತ್ತದೆ. ಅದರ ಜೊತೆಗೆ ಪಾತ್ರಗಳ ಕೈಕಾಲುಗಳ ಅಂಚಿನಲ್ಲಿ ನೆರಳು ಕುಣಿಯುತ್ತದೆ. ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸಂವೇದನೆ), ಶಟರ್ (ಬೆಳಕನ್ನು ಒಳಬಿಡುವ ಕಾಲ), ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ನಾಲ್ಕನ್ನೂ ಮ್ಯಾನುಯಲ್‌ನಲ್ಲಿ ಇಟ್ಟಿದ್ದೇವೆ. ಅಪರ್ಚರ್ ಎಫ್/8, ಶಟರ್ 1/160 ಸೆಕೆಂಡ್. ಇನ್ನೇನು ಪರಿಶೀಲಿಸಬೇಕು?

ಉತ್ತರ (ಚಿಕ್ಕಮಗಳೂರಿನಿಂದ)

ತಾವು ಹೇಳಿರುವುದು ಒಂದೇ ದೋಷವಲ್ಲ, ಕನಿಷ್ಠ ಎರಡು. ಇಡೀ ಚಿತ್ರ ಮಿಟುಕುವುದಕ್ಕೂ ಅಂಚಿನ ನೆರಳು ಕುಣಿಯುವುದಕ್ಕೂ ಕಾರಣ ಬೇರೆ ಬೇರೆಯಾಗಿರುವುದರಿಂದ ಅವುಗಳನ್ನು ಮೊದಲು ಬೇರ್ಪಡಿಸಿಕೊಳ್ಳಿ. ಚೌಕಟ್ಟಿನ ಮೂಲೆಯಲ್ಲಿ ಒಂದು ಬೂದು ಬಣ್ಣದ ರಟ್ಟು ಇಟ್ಟು, ಮೇಜಿನ ಮೇಲೆ ಏನನ್ನೂ ಮುಟ್ಟದೆ, ಐವತ್ತು ಚಿತ್ರ ತೆಗೆದು ಸಾಲಾಗಿ ಓಡಿಸಿ ನೋಡಿ. ಯಾರೂ ಏನನ್ನೂ ಕದಲಿಸದಿದ್ದರೂ ರಟ್ಟಿನ ಬಣ್ಣ ಏರಿಳಿದರೆ ದೋಷ ಕ್ಯಾಮೆರಾದಲ್ಲಿ ಅಥವಾ ಬೆಳಕಿನಲ್ಲಿ ಇದೆ. ರಟ್ಟು ಸ್ಥಿರವಾಗಿದ್ದು ಪಾತ್ರಗಳ ಸುತ್ತ ಮಾತ್ರ ಬದಲಾವಣೆ ಕಂಡರೆ ದೋಷ ಕಾಗದದ್ದು.

1/160 ಶಟರ್ ಬಗ್ಗೆ ಈಗಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್ ಆದ್ದರಿಂದ ಸಾಮಾನ್ಯ ಬಲ್ಬಿನ ಬೆಳಕು ಸೆಕೆಂಡಿಗೆ 100 ಬಾರಿ ಏರಿ ಇಳಿಯುತ್ತದೆ. ಶಟರ್ 1/100 ಸೆಕೆಂಡಿಗಿಂತ ಕಡಿಮೆ ಕಾಲ ತೆರೆದಿದ್ದರೆ ಒಮ್ಮೆ ಏರಿದ ಬೆಳಕು, ಇನ್ನೊಮ್ಮೆ ಇಳಿದ ಬೆಳಕು ಸಿಗುತ್ತದೆ. ಮೇಜಿನ ಮೇಲಿನ ಕಾಗದ ಓಡಿಹೋಗುವ ವಸ್ತುವಲ್ಲವಾದ್ದರಿಂದ ಐಎಸ್‌ಓ ತಗ್ಗಿಸಿ, ಬೇಕಿದ್ದರೆ ಬೆಳಕನ್ನೂ ಕಡಿಮೆ ಮಾಡಿ, ಶಟರನ್ನು ಅರ್ಧ ಸೆಕೆಂಡಿಗೆ ಇಳಿಸಿ. ಆಗ ಐವತ್ತು ಏರಿಳಿತಗಳ ಸರಾಸರಿ ಸಿಗುತ್ತದೆ. ಶಟರ್ ಒತ್ತಲು ಕೈ ಬಳಸದೆ ರಿಮೋಟ್ ಬಳಸಿ.

ಬಲ್ಬ್ ಹಳೆಯ ತಂತಿಯ ಬಲ್ಬೋ, ಎಲ್‌ಇಡಿಯೋ? ಕೋಣೆಗೆ ಕಿಟಕಿ ಇದೆಯೇ?

ಪ್ರಶ್ನಿಸಿದವರು

ತಂತಿಯ ಬಲ್ಬುಗಳು, ಬಣ್ಣ ಬೆಚ್ಚಗೆ ಬರಲಿ ಎಂದು ಹುಡುಕಿ ತಂದದ್ದು. ಕಿಟಕಿಗೆ ತೆಳುವಾದ ಪರದೆ ಇದೆ. ಶಟರ್ ಅರ್ಧ ಸೆಕೆಂಡಿಗೆ ಇಳಿಸಿ, ತಾವು ಹೇಳಿದಂತೆ ಪರೀಕ್ಷಿಸಿದೆವು. ಮಿಟುಕು ಕಡಿಮೆಯಾಗಿದೆ, ಆದರೆ ಹೋಗಿಲ್ಲ. ರಟ್ಟಿನ ಬಣ್ಣ ಕೆಲವೊಮ್ಮೆ ನಿಧಾನವಾಗಿ ಮಂಕಾಗಿ ಮತ್ತೆ ಬೆಳಗುತ್ತದೆ. ಅದರ ಮೇಲೆ ಒಂದೊಂದು ಚಿತ್ರದಲ್ಲಿ ತಟ್ಟನೆ ಸಣ್ಣ ವ್ಯತ್ಯಾಸವೂ ಇದೆ.

ಇನ್ನೊಬ್ಬ ಸದಸ್ಯರು

ಇಷ್ಟೆಲ್ಲ ಕಷ್ಟ ಏಕೆ? ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಲ್ಲಿ ಮಿಟುಕು ತೆಗೆಯುವ ಡಿಫ್ಲಿಕರ್ ಎಂಬ ಫಿಲ್ಟರ್ ಇದೆ. ಚಿತ್ರಗಳನ್ನೆಲ್ಲ ಅದರಲ್ಲಿ ಹಾಯಿಸಿದರೆ ಸರಿಯಾಗುತ್ತದೆ.

ಉತ್ತರ (ಚಿಕ್ಕಮಗಳೂರಿನಿಂದ)

ಆ ಫಿಲ್ಟರ್ ಅಕ್ಕಪಕ್ಕದ ಚಿತ್ರಗಳ ಸರಾಸರಿ ಪ್ರಕಾಶಕ್ಕೆ ಪ್ರತಿ ಚಿತ್ರವನ್ನೂ ಹೊಂದಿಸುತ್ತದೆ. ಕಾಲರ್‌ಗಳ ದೀಪ ಮಿನುಗುವ ರಾತ್ರಿಯ ದೃಶ್ಯವೇನಾದರೂ ಇದ್ದರೆ, ಬೇಕೆಂದೇ ಮಾಡಿದ ಆ ಮಿನುಗನ್ನೂ ಅದು ದೋಷವೆಂದೇ ತಿಳಿದು ಸಪಾಟಾಗಿಸಲು ನೋಡುತ್ತದೆ. ಮೂಲದಲ್ಲಿ ಸರಿಪಡಿಸಿ, ಉಳಿದ ಚೂರುಪಾರಿಗೆ ಮಾತ್ರ ಅದನ್ನು ಬಳಸುವುದು ಲೇಸು.

ನಿಧಾನವಾಗಿ ಮಂಕಾಗುವುದಕ್ಕೆ ವೋಲ್ಟೇಜ್ ಮತ್ತು ಕಿಟಕಿ ಕಾರಣ. ತಂತಿಯ ಬಲ್ಬಿನಲ್ಲಿ ವೋಲ್ಟೇಜ್ ಶೇ. 5ರಷ್ಟು ಇಳಿದರೆ ಬೆಳಕು ಸುಮಾರು ಶೇ. 15ರಷ್ಟು ಇಳಿಯುತ್ತದೆ. ಮಳೆಗಾಲದ ನಮ್ಮ ಮಲೆನಾಡಿನ ಲೈನಿನಲ್ಲಿ ಇದು ದಿನನಿತ್ಯದ ಸಂಗತಿ. ಒಳ್ಳೆಯ ಡ್ರೈವರ್ (ದೀಪಕ್ಕೆ ಹೋಗುವ ವಿದ್ಯುತ್ತನ್ನು ಸಮವಾಗಿಡುವ ಭಾಗ) ಇರುವ ಎಲ್‌ಇಡಿ ಹಾಕಿದರೆ ಈ ಏರಿಳಿತ ಬಹುಮಟ್ಟಿಗೆ ತಪ್ಪುತ್ತದೆ. ಬೆಚ್ಚನೆಯ ಬಣ್ಣದ ಎಲ್‌ಇಡಿಯೂ ಸಿಗುತ್ತದೆ. ಕಿಟಕಿಗೆ ಪರದೆ ಸಾಲದು, ಕಪ್ಪು ರಟ್ಟು ಬಡಿಯಿರಿ. ಬಿಳಿ ಅಂಗಿ ತೊಟ್ಟು ಮೇಜಿಗೆ ಬಾಗುವುದೂ ಬೇಡ, ಬಟ್ಟೆಯಿಂದ ಚಿಮ್ಮುವ ಬೆಳಕು ಕಾಗದದ ಮೇಲೆ ಬೀಳುತ್ತದೆ.

ತಟ್ಟನೆ ಬರುವ ವ್ಯತ್ಯಾಸ ಲೆನ್ಸಿನದು. ಮ್ಯಾನುಯಲ್‌ನಲ್ಲಿ ಇಟ್ಟರೂ ಇಂದಿನ ಲೆನ್ಸುಗಳ ಅಪರ್ಚರ್ ಪ್ರತಿ ಚಿತ್ರಕ್ಕೂ ಪೂರ್ತಿ ತೆರೆದ ಸ್ಥಿತಿಯಿಂದ ಎಫ್/8ಕ್ಕೆ ಮುಚ್ಚಿಕೊಂಡು ಮತ್ತೆ ತೆರೆಯುತ್ತದೆ, ಮತ್ತು ಪ್ರತಿ ಸಲ ಕೂದಲೆಳೆಯಷ್ಟಾದರೂ ಬೇರೆ ಅಳತೆಯಲ್ಲಿ ನಿಲ್ಲುತ್ತದೆ. ಒಂದೊಂದೇ ಫೋಟೋ ನೋಡುವಾಗ ಕಾಣದ ಆ ವ್ಯತ್ಯಾಸ ಸಾಲಾಗಿ ಓಡಿಸಿದಾಗ ಕಣ್ಣಿಗೆ ಹೊಡೆಯುತ್ತದೆ. ಅಪರ್ಚರ್ ಉಂಗುರವನ್ನು ಕೈಯಿಂದಲೇ ತಿರುಗಿಸುವ ಹಳೆಯ ಲೆನ್ಸನ್ನು ಅಡಾಪ್ಟರ್ ಮೂಲಕ ಹಾಕಿಕೊಳ್ಳುವುದು ಅತ್ಯುತ್ತಮ ಪರಿಹಾರ. ಸಿಗದಿದ್ದರೆ ತಮ್ಮ ಲೆನ್ಸನ್ನೇ ಪೂರ್ತಿ ತೆರೆದ ಅಪರ್ಚರ್‌ನಲ್ಲಿ ಇಟ್ಟು ತೆಗೆಯಿರಿ. ಅಲುಗಾಡಲು ಅದಕ್ಕೆ ಅವಕಾಶವೇ ಇರುವುದಿಲ್ಲ. ಮೂಲೆಗಳು ಸ್ವಲ್ಪ ಮೃದುವಾಗಬಹುದು, ಕಾಗದ ಚಪ್ಪಟೆಯಾಗಿರುವುದರಿಂದ ಫೋಕಸ್‌ಗೆ ಹೆಚ್ಚು ತೊಂದರೆಯಿಲ್ಲ.

ಉತ್ತರ (ಹಾಸನದಿಂದ)

ಅಂಚಿನ ನೆರಳಿನ ಬಗ್ಗೆ ನಾನು ಸೇರಿಸುತ್ತೇನೆ. ಆಷಾಢದ ಥಂಡಿಯಲ್ಲಿ ಕಾಗದ ತೇವ ಹೀರಿಕೊಂಡು ಸುರುಳಿಯಾಗುತ್ತದೆ, ಬಲ್ಬಿನ ಶಾಖಕ್ಕೆ ಮತ್ತೆ ಬಿಗಿಯುತ್ತದೆ. ಅಂಚು ಒಂದು ಮಿಲಿಮೀಟರ್ ಎದ್ದರೂ ನೆರಳು ಕುಣಿಯುತ್ತದೆ. ಬಣ್ಣ ಒಂದೇ ಮಗ್ಗುಲಿಗೆ ಹಚ್ಚಿದ್ದರೆ ಈ ತೊಂದರೆ ಹೆಚ್ಚು. ಬಿಡಿಭಾಗಗಳನ್ನು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿಡಿ. ಚಿತ್ರ ತೆಗೆಯುವಾಗ ಶುಭ್ರವಾದ ಗಾಜು ಹೊದಿಸಿ, ದೀಪಗಳನ್ನು ಎರಡೂ ಕಡೆ 45 ಡಿಗ್ರಿಗೆ ಓರೆಯಾಗಿಸಿದರೆ ಗಾಜಿನ ಪ್ರತಿಫಲನ ಕ್ಯಾಮೆರಾಕ್ಕೆ ಬರುವುದಿಲ್ಲ. ಕತ್ತರಿಸಿದ ಬಿಳಿ ಅಂಚಿಗೆ ಅದೇ ಬಣ್ಣದ ಪೆನ್ ಎಳೆಯುವುದನ್ನು ಮರೆಯಬೇಡಿ.

ಕೈಕಾಲುಗಳಿಗೆ ದಾರದ ಕೀಲು ಹಾಕಿರುವಿರೆಂದು ತೋರುತ್ತದೆ. ಕೀಲಿನ ಜಾಗದಲ್ಲಿ ಕಾಗದ ಎರಡು ಮೂರು ಪದರವಾಗಿ ಏಳುತ್ತದೆ. 1973ರ ಕಾನ್ ಚಿತ್ರೋತ್ಸವದಲ್ಲಿ ವಿಶೇಷ ಬಹುಮಾನ ಪಡೆದ, ರೆನೆ ಲಾಲೂ ನಿರ್ದೇಶನದ ‘ಲಾ ಪ್ಲಾನೆಟ್ ಸೋವಾಜ್’ ಪ್ರಾಗ್‌ನ ಸ್ಟುಡಿಯೋದಲ್ಲಿ ಕಟ್‌ಔಟ್‌ಗಳಿಂದಲೇ ತಯಾರಾದ ಚಿತ್ರ. ಅಲ್ಲಿ ಚಲನೆಯ ಒಂದೊಂದು ಹಂತವನ್ನೂ ಬೇರೆಯಾಗಿ ಬರೆದು ಕತ್ತರಿಸಿ ಬದಲಿಸುತ್ತ ಹೋಗಿದ್ದಾರೆ. ದೈತ್ಯರು ಮನುಷ್ಯರಿಗೆ ಕೊರಳಪಟ್ಟಿ ತೊಡಿಸಿ ಸಾಕುವ ಕಥೆಯೇ ಅಲ್ಲೂ ಇರುವುದರಿಂದ ತಾವು ಅದನ್ನು ನೋಡಿಯೇ ಇರಬಹುದು. ಶ್ರಮ ಹೆಚ್ಚು, ಆದರೆ ಹತ್ತಿರದ ದೃಶ್ಯಗಳಿಗಾದರೂ ಈ ಕ್ರಮವನ್ನು ಅನುಸರಿಸಿ.

ಪ್ರಶ್ನಿಸಿದವರು

ಎಲ್‌ಇಡಿ ಹಾಕಿ, ಕಿಟಕಿ ಮುಚ್ಚಿ, ಅಪರ್ಚರ್ ಪೂರ್ತಿ ತೆರೆದು ಪರೀಕ್ಷಿಸಿದೆವು. ರಟ್ಟಿನ ಬಣ್ಣ ಈಗ ಕದಲುತ್ತಿಲ್ಲ. ಗಾಜು ಹೊದಿಸಿದ ಮೇಲೆ ನೆರಳೂ ನಿಂತಿತು, ಆದರೆ ಪ್ರತಿ ಸಲ ಗಾಜು ಎತ್ತುವಾಗ ಸಣ್ಣ ಕಾಲರ್‌ಗಳು ಅದಕ್ಕೇ ಅಂಟಿಕೊಂಡು ಬರುತ್ತಿವೆ. ಇದಕ್ಕೇನು ಮಾಡುವುದು?

ಉತ್ತರ (ಹಾಸನದಿಂದ)

ಕಾಲರ್ ಅನ್ನು ಬಿಡಿಯಾಗಿ ಇಡಬೇಡಿ, ಕುತ್ತಿಗೆಗೇ ಅಂಟಿಸಿಬಿಡಿ. ಉಳಿದ ಸಣ್ಣ ಚೂರುಗಳ ಹಿಂದೆ, ಮತ್ತೆ ಕಿತ್ತು ಅಂಟಿಸಬಹುದಾದ ಗೋಂದನ್ನು ಸಾಸಿವೆ ಕಾಳಿನಷ್ಟು ಹಚ್ಚಿ. ಗಾಜನ್ನು ನೇರವಾಗಿ ಮೇಲೆತ್ತದೆ, ಒಂದು ಅಂಚನ್ನು ಬಟ್ಟೆಯ ಟೇಪಿನಿಂದ ಮೇಜಿಗೆ ಬಿಗಿದು, ಪುಸ್ತಕದ ರಟ್ಟು ತೆರೆಯುವಂತೆ ನಿಧಾನವಾಗಿ ಎತ್ತಿ.