ಲಂಡನ್‌ನಿಂದ ಸ್ವಯಂಸೇವೆಗೆ ಬರುವವಳಿಗೆ ಏನೇನು ತಯಾರಿ ಬೇಕು?

ಮಡಿಕೇರಿ ಮಾವ: ಅಕ್ಕನ ಮಗಳು ಲಂಡನ್‌ನಲ್ಲೇ ಹುಟ್ಟಿ ಬೆಳೆದವಳು, ಬ್ರಿಟಿಷ್ ಪಾಸ್‌ಪೋರ್ಟ್. ಜುಲೈನಿಂದ ಮೂರು ತಿಂಗಳು ಕುಶಾಲನಗರದ ಕಡೆ ಒಂದು ಸೇವಾ ಸಂಸ್ಥೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುತ್ತಾಳಂತೆ. ಟೂರಿಸ್ಟ್ ವೀಸಾ ಸಾಕು ಅಂತಿದ್ದಾಳೆ. ಸಾಕಾ?

ಕಾಫಿಗಿಡ: ಸಾಲದು ಅಣ್ಣ. ಟೂರಿಸ್ಟ್ ವೀಸಾದಲ್ಲಿ ಸಂಬಳವಿಲ್ಲದ ಸೇವೆಗೆ ಅವಕಾಶ ಇದೆ, ಆದರೆ ಹೆಚ್ಚೆಂದರೆ ಒಂದು ತಿಂಗಳು. ಅದಕ್ಕಿಂತ ಜಾಸ್ತಿ ಅಂದರೆ ಸಂಬಳ ಇಲ್ಲದಿದ್ದರೂ ಎಂಪ್ಲಾಯ್‌ಮೆಂಟ್ ವೀಸಾನೇ ಬೇಕು, ಸಂಸ್ಥೆ ಇಲ್ಲಿ ನೋಂದಣಿ ಆಗಿರಬೇಕು, ವೀಸಾ ಅರ್ಜಿಗೆ ಬೇಕಾದ ಪತ್ರ ಅವರೇ ಕೊಡಬೇಕು. ಇನ್ನೊಂದು, ಮಕ್ಕಳ ಜೊತೆ ಕೆಲಸಕ್ಕೆ ಪೊಲೀಸ್ ಪರಿಶೀಲನೆ ಪತ್ರ ಕೇಳದೆ ಸುಮ್ನೆ ಸೇರಿಸಿಕೊಳ್ಳುವ ಸಂಸ್ಥೆಯನ್ನು ನಾನಂತೂ ನಂಬಲ್ಲ.

ಹಾರಂಗಿ ಹುಡುಗಿ: ಅವಳು ನಿಮ್ಮ ಮನೆಯಲ್ಲಿ ಉಳಿದರೂ, ಬಂದ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ನೀವೇ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು ಮಾವ, ನೆಂಟರು ಅಂತ ರಿಯಾಯಿತಿ ಇಲ್ಲ. ಕುಶಾಲನಗರದ ಕಡೆ ಅಂದರೆ ಬೈಲಕುಪ್ಪೆ ಅಲ್ಲ ತಾನೇ? ಅಲ್ಲಿನ ಟಿಬೆಟನ್ ಕ್ಯಾಂಪಿನಲ್ಲಿ ವಿದೇಶಿಯರು ರಾತ್ರಿ ಉಳಿಯೋಕೆ ಕೇಂದ್ರ ಗೃಹ ಇಲಾಖೆಯ ಪರ್ಮಿಟ್ ಬೇಕು, ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಬೇಕು.

ಕಾಫಿಗಿಡ: ಟೈಫಾಯಿಡ್, ಹೆಪಟೈಟಿಸ್ ಎ ಲಸಿಕೆ ಅಲ್ಲೇ ಹಾಕಿಸಿಕೊಂಡು ಬರಲಿ. ಜುಲೈ ಮಳೆ, ಜಿಗಣೆ ಬಗ್ಗೆನೂ ಹೇಳಿಬಿಡಿ!

ಮಡಿಕೇರಿ ಮಾವ: ಬೈಲಕುಪ್ಪೆನೇ ಇರಬೇಕು. ಇವತ್ತೇ ಫೋನ್ ಮಾಡುತ್ತೇನೆ.