ಸ್ಟೋರೇಜ್ ಪೆಟ್ಟಿಗೆಯ ಮ್ಯಾನೇಜ್‌ಮೆಂಟ್ ಪೋರ್ಟ್ ಸಿಗುತ್ತಿಲ್ಲ, ಫೈಲುಗಳು ಮಾತ್ರ ಸರಿಯಾಗಿ ತೆರೆಯುತ್ತಿವೆ

ಮಲ್ಪೆ ರೆಕಾರ್ಡಿಂಗ್:
ನಮಸ್ಕಾರ. ಮಲ್ಪೆಯಲ್ಲಿ ಯಕ್ಷಗಾನದ ಹಳೇ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡಿ ಇಡುತ್ತಿದ್ದೇನೆ. ಅದಕ್ಕೆ ಸೆಕೆಂಡ್ ಹ್ಯಾಂಡ್ ಎಚ್‌ಪಿ ಎಂಎಸ್‌ಎ ಪಿ2000 ಜಿ3 ಸ್ಟೋರೇಜ್ ಪೆಟ್ಟಿಗೆ ಇದೆ. ಡಿಸ್ಕ್‌ಗಳನ್ನು ನಡೆಸುವ ಎರಡು ಕಂಟ್ರೋಲರ್, 2 ಟಿಬಿಯ 12 ಡಿಸ್ಕ್, ರೇಡ್ 5 (ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವ ಜೋಡಣೆ). ಸರ್ವರ್‌ಗೆ ನೇರ ಎಸ್‌ಎಎಸ್ ಕೇಬಲ್, ಅಂದರೆ ಡೇಟಾ ನೆಟ್‌ವರ್ಕ್ ಮೂಲಕ ಹೋಗುವುದಿಲ್ಲ.

ಮೂರು ವಾರದ ಹಿಂದೆ ಸಂಜೆ ಜೋರು ಸಿಡಿಲು ಬಂದು ರೌಟರ್ ಸುಟ್ಟುಹೋಯಿತು. ಹೊಸದು ಹಾಕಿಸಿದೆ. ಫೈಲುಗಳೆಲ್ಲ ಸರಿಯಾಗಿ ತೆರೆಯುತ್ತವೆ. ಆದರೆ ಪೆಟ್ಟಿಗೆಯ ಮ್ಯಾನೇಜ್‌ಮೆಂಟ್ ಪುಟ ಮಾತ್ರ ಅವತ್ತಿನಿಂದ ಬರುತ್ತಿಲ್ಲ. ಪಿಂಗ್ (ಆ ವಿಳಾಸದಿಂದ ಉತ್ತರ ಬರುತ್ತದಾ ಅಂತ ನೋಡುವ ಪರೀಕ್ಷೆ) ಕೂಡ ಇಲ್ಲ. ಪುಸ್ತಕದಲ್ಲಿ ಬರೆದಿಟ್ಟ ವಿಳಾಸ: ಎ ಕಂಟ್ರೋಲರ್ 192.168.1.201, ಬಿ 192.168.1.202. ಏನು ಮಾಡಲಿ?

ಬಂದರು ಹುಡುಗ:
ಪೂರ್ತಿ ಆಫ್ ಮಾಡಿ ಆನ್ ಮಾಡಿ. ಆಗಲೂ ಬಾರದಿದ್ದರೆ ಫ್ಯಾಕ್ಟರಿ ರಿಸೆಟ್ ಮಾಡಿಬಿಡಿ.

ಕದ್ರಿ ಗುಡ್ಡೆ:
ದಯವಿಟ್ಟು ಎರಡೂ ಬೇಡ. ಡೇಟಾ ಓಡುತ್ತಿರುವ ಪೆಟ್ಟಿಗೆಯನ್ನು, ಅದರೊಳಗಿನ ಸ್ಥಿತಿ ಗೊತ್ತಿಲ್ಲದೆ ಆಫ್ ಮಾಡಬಾರದು. ಮತ್ತೆ ಆನ್ ಆಗುವಾಗ ಹಳೇ ಡಿಸ್ಕ್‌ಗಳಲ್ಲಿ ಒಂದು ಏಳದಿದ್ದರೆ?

ಒಂದು ವಿಷಯ ತಿಳ್ಕೊಳ್ಳಿ. ಪ್ರತಿ ಕಂಟ್ರೋಲರ್‌ನೊಳಗೆ ಮ್ಯಾನೇಜ್‌ಮೆಂಟ್‌ಗೆಂದೇ ಒಂದು ಪುಟ್ಟ ಕಂಪ್ಯೂಟರ್ ಇದೆ. ಅದನ್ನು ಎಂಸಿ ಅಂತಾರೆ. ಡಿಸ್ಕ್ ಓದುವ, ಬರೆಯುವ ಕೆಲಸ ಎಸ್‌ಸಿ ಅನ್ನೋ ಬೇರೆ ಭಾಗದ್ದು. ಹಾಗಾಗಿ ಎಂಸಿ ಮಾತಾಡದಿದ್ದರೂ ನಿಮ್ಮ ಫೈಲುಗಳು ಬರುತ್ತವೆ.

ಎರಡು ಪ್ರಶ್ನೆ. ಹೊಸ ರೌಟರ್ ನಿಮ್ಮ ಲ್ಯಾಪ್‌ಟಾಪ್‌ಗೆ ಯಾವ ವಿಳಾಸ ಕೊಟ್ಟಿದೆ? ಪೆಟ್ಟಿಗೆಯ ಹಿಂದೆ ಎರಡೂ ನೆಟ್‌ವರ್ಕ್ ಪೋರ್ಟ್‌ಗಳ ಲಿಂಕ್ ದೀಪ ಉರಿಯುತ್ತಿದೆಯಾ?

ಮಲ್ಪೆ ರೆಕಾರ್ಡಿಂಗ್:
ಲ್ಯಾಪ್‌ಟಾಪ್ 192.168.0.14. ಬಿ ಪೋರ್ಟ್‌ನಲ್ಲಿ ದೀಪ ಇದೆ, ಎ ಪೋರ್ಟ್‌ನಲ್ಲಿ ಇಲ್ಲ.

ಕದ್ರಿ ಗುಡ್ಡೆ:
ಹಾಗಾದರೆ ತೊಂದರೆ ಒಂದಲ್ಲ, ಎರಡು. ಬೇರೆ ಬೇರೆಯಾಗಿ ನೋಡೋಣ.

ಮೊದಲು ಬಿ. ಹಳೇ ರೌಟರ್ 192.168.1 ಸಾಲಿನಲ್ಲಿತ್ತು, ಹೊಸದು 192.168.0 ಸಾಲಿನಲ್ಲಿದೆ. ಪೆಟ್ಟಿಗೆಯಲ್ಲಿ ವಿಳಾಸವನ್ನು ಕೈಯಲ್ಲೇ ಬರೆದಿಟ್ಟಿರುವುದರಿಂದ ಅದು ಹಳೇ ಮನೆಯಲ್ಲೇ ಕೂತಿದೆ. ರೌಟರ್ ಬಿಟ್ಟುಬಿಡಿ. ಲ್ಯಾಪ್‌ಟಾಪ್‌ನಿಂದ ಬಿ ಪೋರ್ಟ್‌ಗೆ ನೇರ ಕೇಬಲ್ ಹಾಕಿ, ಸಾಮಾನ್ಯ ಕೇಬಲ್ ಸಾಕು. ವೈಫೈ ಆಫ್ ಮಾಡಿ. ಲ್ಯಾಪ್‌ಟಾಪ್‌ಗೆ 192.168.1.50, ಮಾಸ್ಕ್ 255.255.255.0 ಕೊಡಿ, ಗೇಟ್‌ವೇ (ಹೊರಗೆ ಹೋಗಲು ಬಳಸುವ ರೌಟರ್‌ನ ವಿಳಾಸ) ಖಾಲಿ ಬಿಡಿ. ಆಮೇಲೆ 202ಕ್ಕೆ ಪಿಂಗ್ ಮಾಡಿ. ಸಿಗದಿದ್ದರೆ ಈ ಮಾಡೆಲ್‌ನ ಮೂಲ ವಿಳಾಸಗಳನ್ನೂ ನೋಡಿ: ಎಗೆ 10.0.0.2, ಬಿಗೆ 10.0.0.3. ಆಗ ಲ್ಯಾಪ್‌ಟಾಪ್ ಕೂಡ 10.0.0 ಸಾಲಿನಲ್ಲೇ ಇರಬೇಕು.

ಆಮೇಲೆ ಎ. ಬಿಯಲ್ಲಿ ದೀಪ ಹೊತ್ತಿಸಿದ ಅದೇ ಕೇಬಲನ್ನು ಎಗೆ ಚುಚ್ಚಿ. ಉರಿಯದಿದ್ದರೆ ಕೇಬಲ್ ತಪ್ಪಲ್ಲ. ಟಾರ್ಚ್ ಹಿಡಿದು ಪೋರ್ಟ್ ಒಳಗಿನ ಪಿನ್‌ಗಳನ್ನೂ ನೋಡಿ. ಕಡಲ ಪಕ್ಕದ ಉಪ್ಪುಗಾಳಿಗೆ ಅವು ಹಸಿರು ಕಟ್ಟುವುದನ್ನು ಬೇಕಾದಷ್ಟು ನೋಡಿದ್ದೇನೆ.

ಸುರತ್ಕಲ್‌ನವ:
ಬೇರೆ ಪೆಟ್ಟಿಗೆ ಇರುವವರಿಗೂ ಉಪಯೋಗವಾಗಲಿ ಅಂತ ಹೇಳುತ್ತೇನೆ: ನನ್ನಲ್ಲಿ ಡೆಲ್ ಎಂಡಿ3200 ಇದೆ. ಅದರ ಮೂಲ ವಿಳಾಸ 192.168.128.101 ಮತ್ತು 102. ಅಲ್ಲಿ ಮ್ಯಾನೇಜ್‌ಮೆಂಟ್‌ಗೆ ಪ್ರತ್ಯೇಕ ಸಾಫ್ಟ್‌ವೇರ್, ಫೈರ್‌ವಾಲ್‌ನಲ್ಲಿ ಟಿಸಿಪಿ ಪೋರ್ಟ್ 2463 ತೆರೆದಿರಬೇಕು. ಇನ್ನೊಂದು ಮಾತು: ಪಿಂಗ್ ಬಂದು ಪುಟ ಮಾತ್ರ ತೆರೆಯದಿದ್ದರೆ ಬ್ರೌಸರ್ ಕಡೆ ನೋಡಿ. 2020ರಲ್ಲಿ ಬ್ರೌಸರ್‌ಗಳು ಸುರಕ್ಷಿತ ಸಂಪರ್ಕದ ಹಳೇ ವಿಧಾನಗಳಾದ ಟಿಎಲ್‌ಎಸ್ 1.0, 1.1 ಕೈಬಿಟ್ಟವು, ಹಳೇ ಪೆಟ್ಟಿಗೆಗಳ ಪುಟ ಅದರಿಂದಲೂ ತೆರೆಯದೇ ಇರಬಹುದು.

ಮಲ್ಪೆ ರೆಕಾರ್ಡಿಂಗ್:
202 ಸಿಕ್ಕಿತು! ಬಿ ಪುಟ ತೆರೆದಿದೆ. ಎ ಪೋರ್ಟ್‌ನಲ್ಲಿ ಅದೇ ಕೇಬಲ್ ಹಾಕಿದರೂ ದೀಪ ಇಲ್ಲ. ಪಿನ್‌ಗಳು ಸ್ವಚ್ಛವಾಗಿಯೇ ಇವೆ.

ಕದ್ರಿ ಗುಡ್ಡೆ:
ಒಳ್ಳೆಯದಾಯಿತು. ಬಿ ಒಂದರಿಂದಲೇ ಇಡೀ ಪೆಟ್ಟಿಗೆಯನ್ನು ನೋಡಬಹುದು, ಎ ಕಂಟ್ರೋಲರ್ ಸಮೇತ. ಬಿಯ ಕಮಾಂಡ್ ಲೈನ್‌ಗೆ ಹೋಗಿ "ರೀಸ್ಟಾರ್ಟ್ ಎಂಸಿ ಎ" ಕೊಡಿ. ಇದು ಎ ಕಡೆಯ ಪುಟ್ಟ ಕಂಪ್ಯೂಟರನ್ನು ಮಾತ್ರ ಎಬ್ಬಿಸುತ್ತದೆ, ಡೇಟಾಕ್ಕೆ ತೊಂದರೆ ಇಲ್ಲ. ಅಕ್ಷರ ಸರಿಯಾಗಿ ನೋಡಿ ಒತ್ತಿ. ಎಂಸಿ ಬದಲು ಎಸ್‌ಸಿ ಅಂತ ಬರೆದರೆ ಡಿಸ್ಕ್ ಓದುವ ಭಾಗವೇ ರೀಸ್ಟಾರ್ಟ್ ಆಗುತ್ತದೆ.

ಅದಾದ ಮೇಲೂ ದೀಪ ಬಾರದಿದ್ದರೆ ಆ ಪೋರ್ಟ್ ಸಿಡಿಲಿಗೆ ಹೋಗಿದೆ ಅಂತಲೇ ನನ್ನ ಲೆಕ್ಕ. ಸುಟ್ಟ ರೌಟರ್‌ನಿಂದ ಕೇಬಲ್ ಹೋಗಿದ್ದು ಎಗೇ ಅಲ್ವಾ?

ಮತ್ತೆ, ಪುಟ ತೆರೆದಿದೆಯಲ್ಲ, ವಿಡಿಸ್ಕ್ (ಡಿಸ್ಕ್‌ಗಳೆಲ್ಲ ಸೇರಿ ಆದ ಗುಂಪು) ಸ್ಥಿತಿ ಏನಿದೆ ಅಂತ ಈಗಲೇ ನೋಡಿ ಹೇಳಿ. ಮೂರು ವಾರ ಯಾರೂ ಒಳಗೆ ಇಣುಕಿಲ್ಲ.

ಮಲ್ಪೆ ರೆಕಾರ್ಡಿಂಗ್:
ಹೌದು, ರೌಟರ್‌ನಿಂದ ನೇರ ಎಗೇ ಹೋಗುತ್ತಿತ್ತು. ಬಿ ಒಂದು ಸಣ್ಣ ಸ್ವಿಚ್ ಮೂಲಕ ಇತ್ತು. ಎಂಸಿ ರೀಸ್ಟಾರ್ಟ್ ಆದರೂ ದೀಪ ಬರಲಿಲ್ಲ.

ವಿಡಿಸ್ಕ್ ಸ್ಥಿತಿ "ಕ್ರಿಟಿಕಲ್" ಅಂತಿದೆ. 7ನೇ ಡಿಸ್ಕ್ ಸತ್ತಿದೆ. ಲಾಗ್‌ನಲ್ಲಿ ಸಿಡಿಲು ಬಂದು ಐದು ದಿನದ ಮೇಲಿನ ತಾರೀಕು. ಕೈ ನಡುಗುತ್ತಿದೆ. ಇದರಲ್ಲಿರುವ ಕೆಲವು ಭಾಗವತರ ಪದಗಳ ಕ್ಯಾಸೆಟ್ ಬೂಸ್ಟು ಹಿಡಿದು ಹೋಗಿದೆ, ಬೇರೆ ಪ್ರತಿ ಎಲ್ಲೂ ಇಲ್ಲ.

ಕದ್ರಿ ಗುಡ್ಡೆ:
ಸಮಾಧಾನ ಮಾಡ್ಕೊಳ್ಳಿ. ರೇಡ್ 5ರಲ್ಲಿ ಒಂದು ಡಿಸ್ಕ್ ಹೋದರೆ ಡೇಟಾ ಇರುತ್ತದೆ. ಇನ್ನೊಂದು ಹೋದರೆ ಇರುವುದಿಲ್ಲ. ಡಿಸ್ಕ್ ಸತ್ತಾಗ ಪೆಟ್ಟಿಗೆ ಕಳಿಸಬೇಕಿದ್ದ ಎಚ್ಚರಿಕೆಯ ಮೇಲ್ ಬರದೇ ಇದ್ದದ್ದೂ ಈ ನೆಟ್‌ವರ್ಕ್ ತೊಂದರೆಯಿಂದಲೇ. ಮೇಲ್ ಹೊರಗೆ ಹೋಗುವುದು ಈ ಮ್ಯಾನೇಜ್‌ಮೆಂಟ್ ಪೋರ್ಟ್‌ನಿಂದ, ಅದರ ಗೇಟ್‌ವೇ ಇನ್ನೂ ಹಳೇ ರೌಟರ್‌ನದ್ದು.

ಡಿಸ್ಕ್ ಬದಲಿಸುವ ಮೊದಲು, ಬೇರೆ ಪ್ರತಿ ಇಲ್ಲದ ಪದಗಳನ್ನು ಹೊರಗಿನ ಡ್ರೈವ್‌ಗೆ ತೆಗೀರಿ. ರೀಬಿಲ್ಡ್ (ಸತ್ತ ಡಿಸ್ಕ್‌ನ ಡೇಟಾವನ್ನು ಹೊಸದರಲ್ಲಿ ಮತ್ತೆ ಕಟ್ಟುವುದು) ಶುರುವಾದರೆ ಉಳಿದ 11 ಡಿಸ್ಕ್‌ಗಳನ್ನೂ ಪೂರ್ತಿ ಓದಬೇಕು, ಸುಸ್ತಾದ ಡಿಸ್ಕ್ ಕೈಕೊಡುವುದು ಆಗಲೇ ಜಾಸ್ತಿ. ಆಮೇಲೆ ಸತ್ತದ್ದನ್ನು ತೆಗೆದು ಹೊಸದು ಹಾಕಿ, ಅದನ್ನು ಆ ವಿಡಿಸ್ಕ್‌ಗೆ ಸ್ಪೇರ್ ಅಂತ ಕೊಡಿ. ರೀಬಿಲ್ಡ್ ತಾನಾಗಿ ಶುರುವಾಗುತ್ತದೆ. ಎಷ್ಟು ರಾತ್ರಿಯಾದರೂ ಬರೆಯಿರಿ, ನಾನು ನೋಡ್ತಿರ್ತೇನೆ.

ಮಲ್ಪೆ ರೆಕಾರ್ಡಿಂಗ್:
ನಾಲ್ಕು ದಿನ ಆಯಿತು, ತಿಳಿಸಬೇಕಿತ್ತು. ಪದಗಳೆಲ್ಲ ಎರಡು ಡ್ರೈವ್‌ಗೆ ಹೋದವು. ಒಂದು ಮಣಿಪಾಲದಲ್ಲಿ ಅಕ್ಕನ ಮನೆಯಲ್ಲಿದೆ. ಹೊಸ ಡಿಸ್ಕ್ ಹಾಕಿದೆ, ರೀಬಿಲ್ಡ್ ಮುಗಿದು ಕ್ರಿಟಿಕಲ್ ಹೋಯಿತು. ಬಿಗೆ 192.168.0.202 ಕೊಟ್ಟು ಗೇಟ್‌ವೇ 192.168.0.1 ಮಾಡಿದೆ. ಎ ಪೋರ್ಟ್ ಹಾಗೇ ಬಿಟ್ಟಿದ್ದೇನೆ. ಅದರ ಮೇಲೆ ಚೀಟಿ ಅಂಟಿಸಿ "ಸಿಡಿಲಿಗೆ ಹೋಗಿದೆ, ಬಿ ಬಳಸಿ" ಅಂತ ಬರೆದಿದ್ದೇನೆ. ಪರೀಕ್ಷೆಯ ಮೇಲ್ ಈಗಷ್ಟೇ ಫೋನಿಗೆ ಬಂತು.